ಜೀಪಿನ ಟೆಂಪರೇಚರ್ ಮುಳ್ಳು ಒಮ್ಮೆಲೇ ಇಳಿದರೆ ಗಾಡಿ ನಿಲ್ಲಿಸಿ

ಹಳೇ ಜೀಪ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಏರು ಹತ್ತುವಾಗ ಇಂಜಿನ್ ಬಿಸಿಯಾಗುತ್ತದೆ ಅಂತ ನಾನು ಒಂದೇ ವರ್ಷದಲ್ಲಿ ಮೂರು ಸಲ ವರ್ಕ್‌ಶಾಪಿಗೆ ಹೋದೆ. ಮೂರು ಸಲವೂ ಏನೋ ಒಂದು ತೆಗೆದರು, ಏನೋ ಒಂದು ಹಾಕಿದರು. ಕೊನೆಗೆ ಇಂಜಿನ್ನಿನ ಹೆಡ್ಡೇ (ಸಿಲಿಂಡರುಗಳ ಮೇಲಿನ ಮುಚ್ಚಳ) ಹೋಯಿತು, ಭಾವನ ಕೈಯೂ ಸುಟ್ಟಿತು. ಇಷ್ಟಕ್ಕೆಲ್ಲ ಕಾರಣ ರೇಡಿಯೇಟರಿನ ಕೆಳಗಿನ ಒಂದು ರಬ್ಬರ್ ಹೋಸ್.

ನನ್ನದು 1994ರ ಡೀಸೆಲ್ ಜೀಪ್. ಪೂಜೋ ಇಂಜಿನ್, 2112 ಸಿಸಿ. ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ತೋಟ ಕೆಳಗೆ, ರಸ್ತೆ ಮೇಲೆ. ಅಡಕೆ, ಕಾಯಿ, ಗೊಬ್ಬರ ಎಲ್ಲ ಅದರಲ್ಲೇ ಸಾಗಬೇಕು. ಮಳೆಗಾಲದಲ್ಲಿ ಆ ಕೆಂಪು ಮಣ್ಣಿನ ಏರಿಗೆ ಬೇರೆ ಯಾವ ಗಾಡಿಯೂ ಬರುವುದಿಲ್ಲ.

ತೊಂದರೆ ಶುರುವಾಗಿದ್ದು ಹೀಗೆ. ಚೆರ್ಕಳ ದಾಟಿ ಕಾಸರಗೋಡು ಪೇಟೆಗೆ ಹೋಗಿ ಬಂದರೆ ಏನೂ ಇಲ್ಲ. ಪೇಟೆಯಲ್ಲಿ ಬ್ಲಾಕ್ ಆಗಿ ಅರ್ಧ ಗಂಟೆ ನಿಂತರೂ ಮುಳ್ಳು ಅಲ್ಲಾಡುವುದಿಲ್ಲ. ಲೋಡ್ ಹಾಕಿ ಎರಡನೇ ಗೇರಿನಲ್ಲಿ ಏರು ಹತ್ತಿದರೆ ಮಾತ್ರ ಐದೇ ನಿಮಿಷದಲ್ಲಿ ಕೆಂಪು ಗೆರೆ.

ಮೊದಲನೇ ವರ್ಕ್‌ಶಾಪಿನವರು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಬಿಸಾಡಿದರು. "ನಮ್ಮೂರ ಸೆಕೆಗೆ ಇದು ಬೇಡ ಮಾಷ್ಟ್ರೇ" ಅಂದರು. ತುಂಬ ಕಡೆ ಇದನ್ನೇ ಮಾಡುತ್ತಾರೆ, ಇದು ತಪ್ಪು. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡಾಗಲೇ ಬೈಪಾಸ್ ದಾರಿ ಮುಚ್ಚುವುದು. ಅದನ್ನು ತೆಗೆದರೆ ಒಂದಷ್ಟು ಬಿಸಿ ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ. ಕೆಟ್ಟಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದಲ್ವಾ? ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲಿಡಿ. ಅದರ ಮೇಲೆ 82 ಅಂತ ಇದ್ದರೆ ಆ ಬಿಸಿಯ ಹತ್ತಿರ ಬಾಯಿ ಬಿಡಲು ಶುರು ಮಾಡಬೇಕು. ನೀರು ಕುದ್ದರೂ ಬಿಡದಿದ್ದರೆ ಹೊಸತು ಹಾಕಿ.

ಅಷ್ಟರಲ್ಲಿ ಮಳೆ ಬಂತು, ಬಿಸಿ ಕಡಿಮೆ ಆಯಿತು. ಸರಿಯಾಯಿತು ಅಂತಲೇ ನಂಬಿದೆ. ದೀಪಾವಳಿ ಕಳೆದ ಮೇಲೆ ಮತ್ತೆ ಅದೇ ಕತೆ. ಎರಡನೇ ಕಡೆ ರೇಡಿಯೇಟರ್ ಬಿಚ್ಚಿ, ಒಳಗಿನ ಕೊಳವೆಗಳಿಗೆ ರಾಡ್ ಹಾಕಿ ಕ್ಲೀನ್ ಮಾಡಿಸಿದರು. ಮೂರನೇ ಕಡೆ ವಾಟರ್ ಪಂಪ್ ಹೊಸತು. ಮೂರೂ ಕಡೆ ಕೆಳಗಿನ ಹೋಸನ್ನು ಯಾರೂ ಬದಲಾಯಿಸಲಿಲ್ಲ. ಯಾವಾಗ ಬಿಸಿಯಾಗುತ್ತದೆ ಅಂತ ಯಾರೂ ಕೇಳಲೂ ಇಲ್ಲ.

ಆಮೇಲೆ ಎಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರಕೊಂಡು ರಾಣಿಪುರಂ ಗುಡ್ಡಕ್ಕೆ ಹೊರಟೆವು. ಭಾವ ಪಕ್ಕದಲ್ಲಿದ್ದರು. ಪಾಣತ್ತಡಿಯಿಂದ ಮೇಲೆ ಏರು ಶುರು. ಅರ್ಧ ದಾರಿಯಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. ಆಗ ನೋಡಿದರೆ ಮುಳ್ಳು ಸರ್ರನೆ ಕೆಳಗೆ ಬಂತು. "ಇಳಿಯಿತು ಭಾವ, ಹೋಗುವ" ಅಂದೆ.

ಅಲ್ಲೇ ನಾನು ತಪ್ಪಿದ್ದು. ಇಂಜಿನ್ ತಣ್ಣಗಾಗಿರಲಿಲ್ಲ, ನೀರು ಖಾಲಿಯಾಗಿತ್ತು. ಟೆಂಪರೇಚರ್ ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ತೋರಿಸುತ್ತದೆ. ನೀರು ಇಳಿದು ಅದರ ಸುತ್ತ ಬರೀ ಗಾಳಿ, ಆವಿ ಉಳಿದರೆ ಮುಳ್ಳು ಕೆಳಗೆ ಬೀಳಬಹುದು. ಏರಿನಲ್ಲಿ ಲೋಡ್ ಇರುವಾಗ ಇಂಜಿನ್ ತಾನಾಗಿ ಒಂದು ನಿಮಿಷದಲ್ಲಿ ತಣ್ಣಗಾಗಲು ಸಾಧ್ಯವೇ ಇಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ. ನಾನು ಇನ್ನೂ ಎರಡು ತಿರುವು ಹತ್ತಿದೆ. ಪುಲ್ಲಿಂಗ್ ಸತ್ತಿತು, ಟಕಟಕ ಶಬ್ದ ಬಂತು, ಬಾನೆಟಿನ ಸಂದಿಯಿಂದ ಆವಿ ಎದ್ದಿತು.

ಭಾವ ಇಳಿದು ಬೈರಾಸು ಸುತ್ತಿ ರೇಡಿಯೇಟರಿನ ಕ್ಯಾಪ್ ತಿರುಗಿಸಿಬಿಟ್ಟರು. ಬೇಡ ಅನ್ನುವಷ್ಟರಲ್ಲಿ ಒಳಗೆ ಉಳಿದಿದ್ದ ನೀರು, ಆವಿ ಎಲ್ಲ ಹಾರಿ ಮೊಣಕೈವರೆಗೆ ಬಿತ್ತು. ನಮ್ಮಲ್ಲಿದ್ದ ಕುಡಿಯುವ ನೀರನ್ನೆಲ್ಲ ಕೈಗೆ ಸುರಿದು, ಕೆಳಗೆ ಬರುತ್ತಿದ್ದ ಇನ್ನೊಂದು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆ. ಇವತ್ತಿಗೂ ಆ ಚರ್ಮದ ಬಣ್ಣ ಬೇರೆಯೇ ಇದೆ. ಬಟ್ಟೆ ಸುತ್ತಿದರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೇಲಿನ ಹೋಸ್ ಕೈಯಿಂದ ಒತ್ತಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕ್ಯಾಪ್ ಮುಟ್ಟಲೇಬೇಡಿ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ಡೋ ಬ್ಲಾಕೋ ಒಡೆದರೆ ಮುಗಿಯಿತು.

ಹೆಡ್ ಬಿಚ್ಚಿದಾಗ ಅದರ ಅಡಿಯಲ್ಲಿ ಸೀಲ್ ಆಗಿ ಕೂರುವ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಬಾಗಿತ್ತು. ಮಂಗಳೂರಿಗೆ ಕಳಿಸಿ ಫೇಸಿಂಗ್ (ಮೈ ಉಜ್ಜಿ ಮಟ್ಟ ಮಾಡುವುದು) ಮಾಡಿಸಿ ತರಿಸಿದ್ದಾಯಿತು.

ಈ ಸಲ ಸಿಕ್ಕಿದ್ದು ಒಬ್ಬ ವಯಸ್ಸಾದ ಮೆಕ್ಯಾನಿಕ್. ಸ್ಪ್ಯಾನರ್ ಹಿಡಿಯುವ ಮೊದಲೇ ಕೇಳಿದರು, "ಮಾಷ್ಟ್ರೇ, ಇದು ನಿಂತಾಗ ಬಿಸಿಯಾಗುವುದಾ, ಎಳೆಯುವಾಗಲಾ?" ಎಳೆಯುವಾಗ ಅಂದೆ. ನೇರ ಬಗ್ಗಿ ಕೆಳಗಿನ ಹೋಸನ್ನು ಎರಡು ಬೆರಳಲ್ಲಿ ಒತ್ತಿದರು. ಹಣ್ಣಾದ ಬಾಳೆಹಣ್ಣಿನ ಹಾಗೆ ಒಳಗೆ ಹೋಯಿತು.

ಹೆಡ್ ಕೂರಿಸಿದ ಮೇಲೆ, ನನಗೆ ತೋರಿಸಬೇಕೆಂದೇ ಹಳೇ ಹೋಸ್, ಹಳೇ ಕ್ಯಾಪ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿದರು. ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಆ ಹೋಸ್ ನನ್ನ ಕಣ್ಣೆದುರೇ ಚಪ್ಪಟೆಯಾಯಿತು. ಕಾಲು ತೆಗೆದಾಗ ಮತ್ತೆ ದುಂಡಗೆ. ಪಂಪು ನೀರು ಎಳೆಯುವುದು ಕೆಳಗಿನ ಹೋಸಿನಿಂದ. ಆರ್‌ಪಿಎಂ ಜಾಸ್ತಿಯಾದಷ್ಟು ಎಳೆತ ಜಾಸ್ತಿ. ಹೋಸ್ ಕುಗ್ಗಬಾರದು ಅಂತ ಒಳಗೆ ಒಂದು ಸ್ಪ್ರಿಂಗ್ ಇತ್ತು. ಹೋಸ್ ಸೀಳಿ ನೋಡಿದರೆ ಉಳಿದಿದ್ದು ಬೆರಳುಗುರಿನಷ್ಟರ ಎರಡು ತುಕ್ಕಿನ ಚೂರು. ಕ್ಯಾಪಿನ ರಬ್ಬರೂ ಕಲ್ಲಾಗಿತ್ತು, ಪ್ರೆಶರ್ ನಿಲ್ಲುತ್ತಿರಲಿಲ್ಲ. ಒಳಗೆ ಪ್ರೆಶರ್ ಇದ್ದರೆ ಹೋಸ್ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ, ನೀರೂ 100 ಡಿಗ್ರಿಗೆ ಕುದಿಯುವುದಿಲ್ಲ.

ಆ ಸ್ಪ್ರಿಂಗ್ ತುಕ್ಕು ಹಿಡಿಯಲು ನಾನೇ ಕಾರಣ. ವರ್ಷಗಟ್ಟಲೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರನ್ನೇ ತುಂಬಿಸಿದ್ದೆ. ಕುಡಿಯಲು ಅಷ್ಟು ಒಳ್ಳೆಯ ನೀರು ಬೇರೆ ಇಲ್ಲ. ಇಂಜಿನ್ನಿಗೆ ಮಾತ್ರ ಕೂಲಂಟ್ ಇಲ್ಲದ ಬರೀ ನೀರು ಯಾವುದಾದರೂ ತುಕ್ಕೇ. ಈಗ ಒಳಗೆಲ್ಲ ತೊಳೆಸಿ ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿಸಿದ್ದೇನೆ.

ಆ ಮೆಕ್ಯಾನಿಕ್ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ನಿಂತಲ್ಲಿ, ನಿಧಾನ ಹೋಗುವಾಗ ಬಿಸಿಯಾಗಿ, ಓಡಿದರೆ ಇಳಿಯುತ್ತದಾ? ಗಾಳಿಯ ತೊಂದರೆ. ಫ್ಯಾನ್, ಬೆಲ್ಟ್, ಫ್ಯಾನಿನ ಸುತ್ತಲಿನ ಶ್ರೌಡ್ (ಕವಚ) ನೋಡಿ. ರೇಡಿಯೇಟರಿನ ಸಂದಿಯಲ್ಲಿ ಕೆಸರು ಒಣಗಿದ್ದರೆ ಇಂಜಿನ್ ಕಡೆಯಿಂದ ಹೊರಗೆ ಮೆಲ್ಲ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರ್ ಬಿಟ್ಟರೆ ಅಲ್ಲಿನ ತೆಳು ತಗಡಿನ ಫಿನ್ ಮಡಚಿಹೋಗುತ್ತದೆ. ಅದೇ ಓಡುವಾಗ, ಲೋಡ್ ಎಳೆಯುವಾಗ ಮಾತ್ರ ಬಿಸಿಯಾದರೆ ಹೆಚ್ಚಾಗಿ ನೀರು ಹರಿಯುವುದರಲ್ಲೇ ತೊಂದರೆ. ರೇಡಿಯೇಟರ್ ಒಳಗೆ ಕಟ್ಟಿರಬಹುದು, ಪಂಪ್ ಇರಬಹುದು, ಹೋಸ್ ಇರಬಹುದು. ತಣ್ಣಗಿನ ಇಂಜಿನ್ನಿನಲ್ಲಿ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ಬರುತ್ತಲೇ ಇದ್ದರೆ, ಆಯಿಲ್ ಹಾಲು ಹಾಕಿದ ಚಾಯದ ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯಪಡಿ, ಆ ದಿನವೇ ಗಾಡಿ ನಿಲ್ಲಿಸಿ. ಹಳೇ ಗಾಡಿಯ ಮೀಟರ್ ಅರ್ತ್ ಸರಿಯಿಲ್ಲದೆಯೂ ತಪ್ಪು ತೋರಿಸುತ್ತದೆ. ಸಾಮಾನು ಬಿಚ್ಚುವ ಮೊದಲು ಇನ್‌ಫ್ರಾರೆಡ್ ಥರ್ಮಾಮೀಟರ್ ಇರುವ ವರ್ಕ್‌ಶಾಪಿನಲ್ಲಿ ನಿಜವಾದ ಬಿಸಿ ಎಷ್ಟು ಅಂತ ನೋಡಿಸಿ.

ಹೊಸ ಹೋಸಿಗೆ ನಾನು ಕೊಟ್ಟದ್ದು 380 ರೂಪಾಯಿ. ಸೀಳಿದ ಹಳೇ ಹೋಸ್ ಅಡಕೆ ಕೊಟ್ಟಿಗೆಯಲ್ಲಿ ತೂಗುಹಾಕಿದ್ದೇನೆ. ಮುಳ್ಳೇರಿಯ ಕಡೆ ಬಂದವರು ಕೇಳಿದರೆ ತೋರಿಸುತ್ತೇನೆ.