ಕ್ಯಾನನ್ 50-1000: ಕೊಳ್ಳುವ ಮುಂಚೆ ಬಾಡಿಗೆಗೆ ತನ್ನಿ

ವನ್ಯಜೀವಿ ಕ್ಯಾಮೆರಾ ಕೆಲಸವನ್ನೇ ವೃತ್ತಿ ಮಾಡಿಕೊಳ್ಳಲು ಹೊರಟವರಿಗೆ ಇವತ್ತಲ್ಲ ನಾಳೆ ಕ್ಯಾನನ್ ಸಿಎನ್20×50 ಲೆನ್ಸ್ ಎದುರಾಗುತ್ತದೆ. 2014ರಲ್ಲಿ ಬಂದ ಈ ಸಿನಿ-ಸರ್ವೋ ಜೂಮ್ (ಮೋಟಾರಿನಿಂದಲೂ ಜೂಮ್ ಆಗುವ ಸಿನಿಮಾ ಲೆನ್ಸ್) 50 ಮಿ.ಮೀ.ನಿಂದ 1000 ಮಿ.ಮೀ.ವರೆಗೆ ಹೋಗುತ್ತದೆ. ಒಳಗೇ ಇರುವ 1.5 ಪಟ್ಟಿನ ಎಕ್ಸ್‌ಟೆಂಡರ್ ಹಾಕಿದರೆ 1500. ತೂಕ 6.6 ಕಿಲೋ. ಹೊಸಬರು ಮರುಳಾಗುವುದು ಆ 1500ಕ್ಕೆ, ಎಡವುವುದೂ ಅಲ್ಲೇ.

ಈ ಲೆನ್ಸಿನ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಮರೆಯೊಳಗೆ ಕೂತಿದ್ದೀರಿ, ಕದಲುವಂತಿಲ್ಲ; ನೀರಿನಂಚಿನಲ್ಲಿ ಒಂದು ಬೂದು ಬಕ. 50ರಲ್ಲಿ ಕೆರೆಯಂಗಳ, 300ರಲ್ಲಿ ಹಕ್ಕಿ, 1000ದಲ್ಲಿ ಕಣ್ಣು-ಕೊಕ್ಕು, ಎಲ್ಲವೂ ಲೆನ್ಸ್ ಬಿಚ್ಚದೆ ಸಿಗುತ್ತವೆ. ಒಂದು ಬೇಟೆಯ ದೃಶ್ಯ ಕಟ್ಟಲು ಎಡಿಟರ್‌ಗೆ ಐದಾರು ಗಾತ್ರದ ಶಾಟ್ ಬೇಕು. ಬರೀ ಹತ್ತಿರದ ಶಾಟ್ ಎಷ್ಟು ಚೆಂದವಿದ್ದರೂ ಒಂದಕ್ಕೊಂದು ಕೂಡುವುದಿಲ್ಲ. ಜೊತೆಗೆ ಜೂಮ್ ತಿರುಗಿಸಿದರೂ ಫೋಕಸ್ ಜಾರುವುದಿಲ್ಲ. ಸ್ಟಿಲ್ ಜೂಮ್‌ಗಳಲ್ಲಿ ಇಷ್ಟು ನಂಬಿಕೆ ಇಡಲಾಗದು.

ಇನ್ನು ಬೆಳಕಿನ ಲೆಕ್ಕ. 560 ಮಿ.ಮೀ.ವರೆಗೆ ಟಿ5 (ಟಿ ಎಂದರೆ ಲೆನ್ಸ್ ಒಳಬಿಡುವ ಬೆಳಕಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ). ಅಲ್ಲಿಂದಾಚೆ ಕುಗ್ಗುತ್ತಾ 1000ಕ್ಕೆ ಟಿ8.9 ಆಗುತ್ತದೆ, ಅಂದರೆ ಒಂದೂವರೆ ಸ್ಟಾಪ್‌ಗಿಂತ ಜಾಸ್ತಿ ನಷ್ಟ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ). ಎಕ್ಸ್‌ಟೆಂಡರ್ ಇನ್ನೊಂದು ಸ್ಟಾಪ್ ಮತ್ತು ಚೂರು ನುಂಗಿ ಟಿ13ರಾಚೆ ತಳ್ಳುತ್ತದೆ. ರೆಕಾರ್ಡಿಂಗ್ ನಡೆಯುತ್ತಿರುವಾಗ ಜೂಮ್ ಇನ್ ಮಾಡಿದರೆ 560 ದಾಟುತ್ತಿದ್ದಂತೆ ಚಿತ್ರ ಮಂಕಾಗುವುದು ಬರಿಗಣ್ಣಿಗೇ ಕಾಣುತ್ತದೆ. ಬೆಳಕಿನ ಕಂಡಿಯಾದ ಐರಿಸ್ ಅನ್ನು ಮೊದಲೇ 8.9ಕ್ಕೆ ಕಟ್ಟಿಹಾಕಿದರೆ ಸರಿಹೋಗುತ್ತದೆ, ಅಷ್ಟು ಬೆಳಕಿದ್ದರೆ. ಸೆಕೆಂಡಿಗೆ 100 ಫ್ರೇಮ್, ಶಟರ್ 1/200 ಎಂದಾದರೆ ಮುಸ್ಸಂಜೆಯ ಕಾಡಿನಲ್ಲಿ ಐಎಸ್ಒ ಏರಿಸಿ ಚಿತ್ರದ ಕಾಳುಕಾಳಾದ ನಾಯ್ಸ್ ಸಹಿಸುವುದೊಂದೇ ದಾರಿ.

ಫೋಕಸ್ ಕಲಿಯಲು ತಿಂಗಳುಗಳೇ ಬೇಕು. ಬಕ 20 ಮೀಟರ್ ದೂರದಲ್ಲಿ ನಿಮ್ಮತ್ತಲೇ ಮುಖ ಮಾಡಿ ನಿಂತಿದೆ ಎನ್ನಿ. 1000 ಮಿ.ಮೀ.ನಲ್ಲಿ, ಟಿ8.9ರಲ್ಲಿ, ಸೂಪರ್ 35 (ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಸಿನಿಮಾ ಅಳತೆ) ಸೆನ್ಸರ್ ಮೇಲೆ ಫ್ರೇಮಿನ ಅಗಲ ಸುಮಾರು 50 ಸೆಂ.ಮೀ. ಚೂಪಾಗಿ ಬೀಳುವ ಆಳ ಹಿಂದೆಮುಂದೆ ಸೇರಿ 18 ಸೆಂ.ಮೀ.ನಷ್ಟೇ. ಕೊಕ್ಕಿನ ತುದಿ ಹಿಡಿದರೆ ಕಣ್ಣು ಮಸುಕು. ಹಿಡಿಯಬೇಕಾದ್ದು ಕಣ್ಣು, ಯಾವಾಗಲೂ. ಬೀದಿಯ ಪಾರಿವಾಳಗಳ ಮೇಲೇ ಅಭ್ಯಾಸ ಮಾಡಬಹುದು, ಅವಕ್ಕೆ ಬೇಜಾರಿಲ್ಲ.

ದೊಡ್ಡ ದೂರು ಲೆನ್ಸಿನ ಮೇಲಲ್ಲ, ಅದನ್ನು ಹೊರುವ ಟ್ರೈಪಾಡ್ ಕಾಲುಗಳ ಮೇಲೆ. ಇದರಲ್ಲಿ ಆಪ್ಟಿಕಲ್ ಸ್ಟೆಬಿಲೈಸೇಶನ್ ಇಲ್ಲ. ಕ್ಯಾಮೆರಾ, ಬ್ಯಾಟರಿ, ಮಾನಿಟರ್ ಸೇರಿದರೆ ಒಟ್ಟು ತೂಕ ಸಲೀಸಾಗಿ 12 ಕಿಲೋ ಮುಟ್ಟುತ್ತದೆ. 8 ಕಿಲೋ ತಡೆಯುವ ಫ್ಲೂಯಿಡ್ ಹೆಡ್ (ಕ್ಯಾಮೆರಾವನ್ನು ನಯವಾಗಿ ತಿರುಗಿಸುವ ಟ್ರೈಪಾಡ್ ತಲೆ) ಮೇಲೆ ಕೂರಿಸಿದರೆ ಪ್ಯಾನ್ ನಿಲ್ಲಿಸಿದ ಕೂಡಲೇ ಚಿತ್ರ ಒಂದೆರಡು ಫ್ರೇಮಿನಷ್ಟು ಹಿಂದಕ್ಕೆ ಜಗ್ಗುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ಮುಚ್ಚಲಾಗದು. ಲೆನ್ಸ್ ಕೆಳಗೆ ರಾಡ್ ಮತ್ತು ಸಪೋರ್ಟ್ ಬ್ರಾಕೆಟ್ ಹಾಕಲೇಬೇಕು. ಇಲ್ಲದಿದ್ದರೆ ಇಡೀ ಭಾರ ಮೌಂಟ್ ಮೇಲೆ ಬಿದ್ದು, ಫೋಕಸ್ ರಿಂಗ್ ಮುಟ್ಟಿದರೂ ಫ್ರೇಮ್ ನಡುಗುತ್ತದೆ. ಹೆಡ್‌ನ ಕೌಂಟರ್‌ಬ್ಯಾಲೆನ್ಸ್ (ಭಾರ ಸರಿದೂಗಿಸುವ ವ್ಯವಸ್ಥೆ) ಸರಿಯಿದೆಯೇ ಎಂದು ತಿಳಿಯಲು ಹ್ಯಾಂಡಲ್ ಬಿಟ್ಟು ನೋಡಿ: ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ಆದ್ದರಿಂದ ಕೈಯಲ್ಲಿ ಒಂದಿಷ್ಟು ಹಣವಿದ್ದರೆ ಅದು ಒಳ್ಳೆಯ ಟ್ರೈಪಾಡಿಗೆ ಹೋಗಲಿ. ಟ್ರೈಪಾಡ್ ಹದಿನೈದು ವರ್ಷ ದುಡಿಯುತ್ತದೆ. ಈ ಲೆನ್ಸನ್ನು ಬಜೆಟ್ ಇರುವ ಕೆಲಸ ಬಂದಾಗ ನಿರ್ಮಾಣ ಸಂಸ್ಥೆಯೇ ಬಾಡಿಗೆ ಕೊಟ್ಟು ತರಿಸುತ್ತದೆ.

‘ಶಾರ್ಪ್ ಇಲ್ಲ’ ಎಂಬ ದೂರು ಬಹಳ ಸಲ ಬಿಸಿಗಾಳಿಯದ್ದು. ಹೊತ್ತೇರಿ ನೆಲ ಕಾದ ಮೇಲೆ 150 ಮೀಟರ್ ಆಚೆಯ ಪ್ರಾಣಿ ನೀರಿನೊಳಗೆ ಇದ್ದಂತೆ ಕುಣಿಯುತ್ತದೆ. ಯಾವ ಗಾಜೂ ಇದಕ್ಕೆ ಮದ್ದಲ್ಲ. ಬೆಳಗಿನ ಮೊದಲ ಒಂದೆರಡು ಗಂಟೆ ಬಳಸಿಕೊಳ್ಳಿ, ಕಾದ ಇಂಜಿನ್ನಿನ ಮೇಲಿಂದ ಗುರಿಯಿಡಬೇಡಿ.

ಫುಲ್ ಫ್ರೇಮ್ ಕ್ಯಾಮೆರಾ ಇರುವವರಿಗೆ ಒಂದು ಮಾತು: ಇದು ಸೂಪರ್ 35ಕ್ಕೆ ಮಾಡಿದ್ದು, ಮೂಲೆಗಳು ಕಪ್ಪಾಗುತ್ತವೆ. ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವ ಕ್ರಾಪ್ ಮೋಡ್‌ನಲ್ಲಿ ನಿಮ್ಮ ಕ್ಯಾಮೆರಾ ಪೂರ್ತಿ 4ಕೆ ಕೊಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಬಾಡಿಗೆಗೆ ತಂದ ದಿನವೇ ಬ್ಯಾಕ್ ಫೋಕಸ್ (ಲೆನ್ಸ್ ಮತ್ತು ಸೆನ್ಸರ್ ನಡುವಿನ ಅಂತರದ ಹೊಂದಿಕೆ) ಪರೀಕ್ಷಿಸಬೇಕು. ಐರಿಸ್ ಪೂರ್ತಿ ತೆರೆಯಿರಿ. ದೂರದ ನಕ್ಷತ್ರಚಕ್ರದ ಚಾರ್ಟಿಗೆ (ನಡುವಿನಿಂದ ಕಪ್ಪು-ಬಿಳಿ ಪಟ್ಟಿಗಳು ಹರಡಿದ ಫೋಕಸ್ ಹಾಳೆ) 1000ದಲ್ಲಿ ಫೋಕಸ್ ಮಾಡಿ, ರಿಂಗ್ ಮುಟ್ಟದೆ 50ಕ್ಕೆ ಬನ್ನಿ. ಅಲ್ಲಿ ಮಸುಕಾದರೆ ಬ್ಯಾಕ್ ಫೋಕಸ್ ತಿದ್ದಿ, ಮತ್ತೆ 1000ಕ್ಕೆ ಹೋಗಿ. ಎರಡು ಕಡೆಯೂ ಚೂಪಾಗುವವರೆಗೆ ಮೂರ್ನಾಲ್ಕು ಸುತ್ತು ಬೇಕಾದೀತು. ಡ್ರೈವ್ ಯೂನಿಟ್ಟಿನ (ಲೆನ್ಸ್ ಪಕ್ಕದ ಮೋಟಾರ್ ಹಿಡಿಯ) ಜೂಮ್ ಗುಂಡಿಯನ್ನು ಅತಿ ನಿಧಾನಕ್ಕೆ ಒತ್ತಿ, ತಡವರಿಸಿದರೆ ಅಂಗಡಿಯಲ್ಲೇ ಬದಲಿಸಿಕೊಳ್ಳಿ. ಎಕ್ಸ್‌ಟೆಂಡರ್ ಹಾಕಿ, ತೆಗೆದು ನೋಡುವುದನ್ನು ಮಾತ್ರ ಮರೆಯಬೇಡಿ: ಹಿಂದಿನವರು ಹಾಕಿಟ್ಟು ಮರೆತಿದ್ದರೆ, ‘ಈ ಲೆನ್ಸ್ ಯಾಕಿಷ್ಟು ಕತ್ತಲೆ’ ಎಂದು ಅರ್ಧ ದಿನ ತಲೆ ಕೆರೆದುಕೊಳ್ಳುತ್ತೀರಿ.