ಉಂಗುರಕ್ಕೆ ಯಾವ ಲೋಹ? ಕಾರವಾರದಲ್ಲಿ ಏಳು ವರ್ಷ ಹಾಕಿ ನೋಡಿದ ಮೇಲೆ

ತಮ್ಮನ ನಿಶ್ಚಿತಾರ್ಥ ಮುಂದಿನ ತಿಂಗಳು. ಹುಡುಗಿ ಅಂಕೋಲೆಯವಳು. "ಅಕ್ಕಾ, ಉಂಗುರ ಚಿನ್ನದ್ದೇ ಮಾಡಿಸೋದಾ, ಪ್ಲಾಟಿನಂ ತರೋದಾ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದ. ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಈ ಏಳು ವರ್ಷದಲ್ಲಿ ನನ್ನ ಕೈ, ನಮ್ಮವರ ಕೈ, ಶಿರಸಿಯಲ್ಲಿರುವ ಅಕ್ಕ ಭಾವನ ಕೈ ಅಂತ ಏಳು ಬಗೆಯ ಉಂಗುರ ಬಂದಿವೆ. ಕೆಲವು ಉಳಿದವು, ಕೆಲವು ಹೋದವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೈಗಳ ಕೆಲಸ ಹೇಳಬೇಕು. ನಮ್ಮವರದು ಬೈತಖೋಲ ಬಂದರಿನ ಹತ್ತಿರ ಬೋಟ್ ಇಂಜಿನ್ ರಿಪೇರಿ. ಗ್ರೀಸ್, ಡೀಸೆಲ್, ಉಪ್ಪುನೀರು, ಸ್ಪ್ಯಾನರ್. ನನ್ನದು ಮನೆಗೆಲಸ, ಜೊತೆಗೆ ಹೊಲಿಗೆ. ಮೀನು ಸ್ವಚ್ಛ ಮಾಡುವುದು, ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಎಲ್ಲ ಈ ಕೈಯಲ್ಲೇ. ಭಾವನದು ಅಡಿಕೆ ತೋಟ. ನಮ್ಮ ಮನೆಯ ಕಿಟಕಿ ಸರಳುಗಳು ಬಣ್ಣ ಹೊಡೆದ ಎರಡನೇ ಮಳೆಗಾಲಕ್ಕೇ ತುಕ್ಕು ಹಿಡಿಯುತ್ತವೆ. ಅಂಥ ಗಾಳಿಯಲ್ಲಿ ದಿನವಿಡೀ ಬೆರಳಲ್ಲಿರುವ ಲೋಹದ ಮಾತು ಇದು.

ನನ್ನ ನಿಶ್ಚಿತಾರ್ಥದ ಉಂಗುರ 22 ಕ್ಯಾರೆಟ್ ಚಿನ್ನ. ಅಂದರೆ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಕೊಂಡ ದಿನ ತೂಕ ನಾಲ್ಕು ಗ್ರಾಂ ಇಪ್ಪತ್ತು ಮಿಲಿ. ಹೋದ ದೀಪಾವಳಿಗೆ ನಮ್ಮ ಅಕ್ಕಸಾಲಿಗ ಶೇಟರ ಅಂಗಡಿಗೆ ಹೋಗಿ ಅದೇ ಉಂಗುರವನ್ನು ತಕ್ಕಡಿಗೆ ಇಡಿಸಿದೆ. ಮೂರು ಗ್ರಾಂ ಒಂಬೈನೂರ ಹತ್ತು ಮಿಲಿ. ನೂರಾಹತ್ತು ಮಿಲಿ ಎಲ್ಲಿ ಹೋಯಿತು? ಶೇಟರು ಉಂಗುರವನ್ನು ತಿರುಗಿಸಿ ಅಂಗೈ ಕಡೆಯ ಭಾಗ ತೋರಿಸಿದರು. ಮೇಲ್ಗಡೆ ದಪ್ಪ ಇತ್ತು. ಕೆಳಗೆ ಕಾಗದದ ಅಂಚಿನ ಹಾಗೆ ತೆಳ್ಳಗೆ. "ತಂಗಿ, ಪಾತ್ರೆ ತಿಕ್ಕಿದ್ದೀಯಲ್ಲ, ಅಲ್ಲೇ ಹೋಯ್ತು" ಎಂದರು. 22 ಕ್ಯಾರೆಟ್ ಮೆತ್ತಗಿನ ಲೋಹ. ಗೀರಿದರೆ ಗೀರು, ಒತ್ತಿದರೆ ಬಗ್ಗು. ನನ್ನ ಉಂಗುರದ ಸಣ್ಣ ಹರಳನ್ನು ಹಿಡಿದ ನಾಲ್ಕು ಕೊಕ್ಕೆಗಳಲ್ಲಿ ಒಂದು ಮೂರನೇ ವರ್ಷವೇ ಎದ್ದು, ಹೊಲಿಗೆ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು.

ಆದರೆ ಬಣ್ಣ? ಒಂದು ಚೂರೂ ಮಂಕಾಗಿಲ್ಲ. ಉಪ್ಪುನೀರು, ಬೆವರು, ಹುಣಸೆಹುಳಿ, ಯಾವುದಕ್ಕೂ ಅದು ಹೆದರಲಿಲ್ಲ. ಚರ್ಮ ಕೆರೆಯಲಿಲ್ಲ. ಕೊಕ್ಕೆ ಸರಿ ಮಾಡಲು ಶೇಟರಿಗೆ ಹತ್ತು ನಿಮಿಷ ಸಾಕಾಯಿತು. ಯಾವ ಊರಿಗೆ ಹೋದರೂ ತೂಗಿ ತೆಗೆದುಕೊಳ್ಳುವ ಲೋಹ ಅದು. ಈ ನಾಲ್ಕು ಗುಣ ಬೇರೆ ಯಾವುದರಲ್ಲೂ ಒಟ್ಟಿಗೆ ನನಗೆ ಸಿಗಲಿಲ್ಲ.

ಬಿಳಿ ಚಿನ್ನದ ವಿಷಯದಲ್ಲಿ ನನಗೆ ಇನ್ನೂ ಬೇಸರ ಇದೆ. ಮದುವೆಗೆ ಅದನ್ನೇ ಬೇಕೆಂದು ಹಟ ಮಾಡಿ ಹೊರಗಿನ ಊರಿನ ದೊಡ್ಡ ಅಂಗಡಿಯೊಂದರಿಂದ ತಂದೆವು. ಹೊಳಪು ನೋಡಿ ಮರುಳಾಗಿದ್ದೆ. ಆ ಹೊಳಪು ಚಿನ್ನದ್ದಲ್ಲ, ಮೇಲೆ ಕೊಟ್ಟ ರೋಡಿಯಂ ಎಂಬ ಬಿಳಿ ಲೋಹದ ಲೇಪದ್ದು ಎಂದು ಅಂಗಡಿಯವರು ಹೇಳಲೇ ಇಲ್ಲ. ಹದಿನಾಲ್ಕು ತಿಂಗಳಿಗೆ ಅಂಗೈ ಕಡೆ ಹಳದಿ ಕಾಣತೊಡಗಿತು. ಅಷ್ಟರಲ್ಲೇ ಉಂಗುರದ ಅಡಿಯಲ್ಲಿ ಕೆಂಪಗೆ ತುರಿಕೆ ಶುರು. ಚಿನ್ನವನ್ನು ಬೆಳ್ಳಗೆ ಮಾಡಲು ನಿಕ್ಕಲ್ ಅಥವಾ ಪಲ್ಲಾಡಿಯಂ ಸೇರಿಸುತ್ತಾರೆ. ನನ್ನದರಲ್ಲಿ ಇದ್ದದ್ದು ನಿಕ್ಕಲ್. ಲೇಪ ಇರುವ ತನಕ ಗೊತ್ತಾಗಲಿಲ್ಲ, ಲೇಪ ಸವೆದ ಮೇಲೆ ಚರ್ಮಕ್ಕೆ ತಾಗಿತು. ಕೃತಕ ಓಲೆ ಹಾಕಿದರೆ ಕಿವಿ ಕೆರೆಯುವವರು ಇದನ್ನು ಕೊಳ್ಳುವ ಮೊದಲು ಒಳಗೆ ನಿಕ್ಕಲ್ ಇದೆಯಾ ಎಂದು ಬಾಯಿಬಿಟ್ಟು ಕೇಳಲೇಬೇಕು. ಲೇಪವನ್ನು ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಕೊಡಿಸಬೇಕಾಗುತ್ತದೆ. ಅದಕ್ಕಾಗಿ ಪ್ರತಿಸಲ ಊರು ಬಿಟ್ಟು ಓಡುವುದು ನನ್ನಿಂದ ಆಗಲಿಲ್ಲ. ಕೊಟ್ಟುಬಿಟ್ಟೆ.

ಆಮೇಲೆ ಸ್ವಲ್ಪ ಕಾಲ ಬೆಳ್ಳಿ ಹಾಕಿದೆ. 925ರ ಬೆಳ್ಳಿ, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ, ಸಾದಾ ಬಳೆಯ ಹಾಗಿನದು. ಜೂನ್ ಮಳೆಯಲ್ಲಿ ಮೂರೇ ವಾರಕ್ಕೆ ಕಪ್ಪಾಯಿತು. ಗಾಳಿಯಲ್ಲಿ, ಮೊಟ್ಟೆ, ಈರುಳ್ಳಿಯಲ್ಲಿ ಇರುವ ಗಂಧಕ ಬೆಳ್ಳಿಗೆ ಹಿಡಿದರೆ ಹೀಗಾಗುತ್ತದೆ. ವಿಭೂತಿ ಹಾಕಿ ತಿಕ್ಕಿದರೆ ಮತ್ತೆ ಬೆಳ್ಳಗೆ. ಕಾಲುಂಗುರ ಇಷ್ಟು ಕಪ್ಪಾಗುವುದಿಲ್ಲ, ನೋಡಿದ್ದೀರಾ? ಅದು ನೆಲಕ್ಕೆ, ಚಪ್ಪಲಿಗೆ ಉಜ್ಜುತ್ತ ಇರುತ್ತದೆ. ಬೆಲೆ ಕಡಿಮೆ, ಕಳೆದರೆ ಹೊಟ್ಟೆ ಉರಿಯುವುದಿಲ್ಲ. ಪ್ರಯಾಣಕ್ಕೆ ಒಂದು ಇಟ್ಟುಕೊಳ್ಳಬಹುದು. ಮದುವೆ ಉಂಗುರ ಅಂತ ನಾನು ಹೇಳಲಾರೆ, ಬಲು ಬೇಗ ಬಗ್ಗುತ್ತದೆ.

ಇನ್ನು ನಮ್ಮವರ ಕೈ. ಅವರಿಗೆ ಚಿನ್ನ ಹಾಕಿ ವರ್ಕ್‌ಶಾಪಿಗೆ ಹೋಗಲು ಮನಸ್ಸಿರಲಿಲ್ಲ. ಮೊದಲು ಆನ್‌ಲೈನಿನಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ತರಿಸಿದರು. ಸ್ಪ್ಯಾನರ್ ಉಜ್ಜಿದರೂ ಗೀರು ಬೀಳಲಿಲ್ಲ, ಅಷ್ಟು ಗಟ್ಟಿ. ಗಟ್ಟಿ ಅಂದರೆ ಗಾಜಿನ ಹಾಗೆ ಗಟ್ಟಿ. ಒಂದು ದಿನ ಕೈ ತೊಳೆಯುವಾಗ ಜಾರಿ ಬೋಟ್ ನಿಲ್ಲುವ ಧಕ್ಕೆಯ ಸಿಮೆಂಟಿನ ಮೇಲೆ ಬಿದ್ದು ಎರಡು ತುಂಡಾಯಿತು.

ಆಮೇಲೆ ಟೈಟಾನಿಯಂ. ಇದನ್ನು ನಾನು ನಿಜವಾಗಿ ಇಷ್ಟಪಟ್ಟೆ. ಕೈಯಲ್ಲಿ ಇದೆಯೋ ಇಲ್ಲವೋ ಗೊತ್ತಾಗದಷ್ಟು ಹಗುರ. ನನ್ನ ನಾಲ್ಕು ಗ್ರಾಂ ಉಂಗುರದ ಅಳತೆ, ದಪ್ಪ ಎರಡನ್ನೂ ಹಾಗೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. 18 ಕ್ಯಾರೆಟ್‌ನಲ್ಲಿ ಸುಮಾರು ಮೂರೂವರೆ ಗ್ರಾಂ ಆಗುತ್ತದೆ. ಬೆಳ್ಳಿಯಲ್ಲಿ ಎರಡು ಗ್ರಾಂ ಮೇಲೆ ಸ್ವಲ್ಪ. ಪ್ಲಾಟಿನಂನಲ್ಲಿ ನಾಲ್ಕೂವರೆ ದಾಟುತ್ತದೆ. ಟೈಟಾನಿಯಂನಲ್ಲಿ ಬರೀ ಒಂದು ಗ್ರಾಂ. ಅದರ ಮೈಮೇಲೆ ತಾನಾಗಿ ತೆಳ್ಳನೆಯ ಪದರ ಕಟ್ಟಿಕೊಳ್ಳುತ್ತದೆ, ಹಾಗಾಗಿ ಸಮುದ್ರದ ನೀರು ಏನೂ ಮಾಡದು. ಎರಡು ಮಳೆಗಾಲ ಕಳೆದರೂ ಒಂದು ಕಲೆ ಇರಲಿಲ್ಲ. ನಿಕ್ಕಲ್ ತುರಿಕೆಯ ಕಾಟವೂ ಇಲ್ಲ.

ಮೂರನೇ ವರ್ಷ ಮೇ ತಿಂಗಳಲ್ಲಿ ಇಂಜಿನ್ನಿನ ಮುಚ್ಚಳ ಜಾರಿ ಅವರ ಬೆರಳಿನ ಮೇಲೆ ಬಿತ್ತು. ಗಾಯ ಆಗಲಿಲ್ಲ, ಆದರೆ ಅರ್ಧ ಗಂಟೆಯಲ್ಲಿ ಬೆರಳು ಊದಿಕೊಂಡಿತು. ಸೋಪು, ಎಣ್ಣೆ ಯಾವುದಕ್ಕೂ ಉಂಗುರ ಜಗ್ಗಲಿಲ್ಲ. ಶೇಟರ ಹತ್ತಿರ ಓಡಿದೆವು. ಅವರು ಉಂಗುರದ ಅಡಿಗೆ ತಗಡಿನ ಪಟ್ಟಿ ತೂರಿಸಿ ಸಣ್ಣ ಗರಗಸ ಇಟ್ಟರು. ಎರಡು ಬ್ಲೇಡ್ ಮುರಿದವು. ಉಂಗುರದ ಮೇಲೆ ಒಂದು ಗೆರೆ ಮಾತ್ರ ಬಿತ್ತು. "ಚಿನ್ನ ಆಗಿದ್ರೆ ಇಷ್ಟೊತ್ತಿಗೆ ಬಿಡಿಸಿ ಚಾ ಕುಡೀತಾ ಇದ್ವಿ" ಎಂದರು ಶೇಟರು. ಅವರ ಹಣೆ ಬೆವರಿತ್ತು.

ಕೊನೆಗೆ ನೈಲಾನ್ ದಾರ ತೆಗೆದುಕೊಂಡರು. ಸೂಜಿಯ ಹಿಂಬದಿಯಿಂದ ದಾರದ ಒಂದು ತುದಿಯನ್ನು ಉಂಗುರದ ಅಡಿಯಲ್ಲಿ ತೂರಿಸಿ ಅಂಗೈ ಕಡೆಗೆ ತಂದರು. ಉಳಿದ ದಾರವನ್ನು ಉಂಗುರದ ಅಂಚಿನಿಂದ ಗೆಣ್ಣು ದಾಟುವ ತನಕ ಒಂದಕ್ಕೊಂದು ಒತ್ತಿ ಸುತ್ತಿದರು. ನಮ್ಮವರು ಹಲ್ಲು ಕಚ್ಚಿ ಕೂತಿದ್ದರು. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ನಿಧಾನ ಬಿಚ್ಚುತ್ತ ಬಂದರು. ಒಂದು ಸುತ್ತು ಬಿಚ್ಚಿದರೆ ಉಂಗುರ ಒಂದು ಕೂದಲೆಳೆ ಮುಂದೆ. ಗೆಣ್ಣಿನ ಹತ್ತಿರ ಬಂದಾಗ ನನಗೆ ನೋಡಲು ಆಗಲಿಲ್ಲ. ಹಾಗೆ ಹೊರಗೆ ಬಂತು. ಬೆರಳು ನೀಲಿಯಾಗಿದ್ದರೆ, ಗಾಯ ಇದ್ದರೆ ಇದನ್ನು ಮಾಡಲು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಟೈಟಾನಿಯಂ ಕತ್ತರಿಸಲು ಬರುವುದೇ ಇಲ್ಲ ಎಂದಲ್ಲ, ಅದಕ್ಕೆ ಗಟ್ಟಿ ಸಾಧನ ಬೇಕು, ಹೊತ್ತೂ ಬೇಕು. ಅಳತೆ ದೊಡ್ಡದು ಸಣ್ಣದು ಮಾಡುವುದು ಊರಿನ ಅಕ್ಕಸಾಲಿಗರ ಕೈಯಲ್ಲಿ ಆಗುವ ಮಾತಲ್ಲ. ಮದುವೆಯ ಹೊತ್ತಿನ ಬೆರಳು ನಲವತ್ತರ ಹೊತ್ತಿಗೆ ಹಾಗೇ ಇರುತ್ತದಾ? ಆ ದಿನದಿಂದ ಟೈಟಾನಿಯಂ ಕಪಾಟಿನಲ್ಲಿದೆ.

ಇಂಜಿನ್ ಚಾಲೂ ಇರುವಾಗ, ಬೆಲ್ಟ್ ತಿರುಗುವಾಗ ಯಾವ ಲೋಹದ ಉಂಗುರವೂ ಕೈಯಲ್ಲಿ ಇರಬಾರದು. ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ಜೊತೆ ಉಂಗುರ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತದೆ. ಮೆಕ್ಯಾನಿಕ್‌ಗಳ ಹೆಂಡಂದಿರು ಇದನ್ನು ದಿನಾ ಹೇಳಬೇಕು.

ಪ್ಲಾಟಿನಂ ಅಕ್ಕ ಭಾವನದು. ಹುಬ್ಬಳ್ಳಿಯಿಂದ ತಂದದ್ದು, ಒಳಗೆ 950 ಎಂದು ಅಚ್ಚಿದೆ. ನೂರಕ್ಕೆ 95 ಪಾಲು ಪ್ಲಾಟಿನಂ. ಅಕ್ಕ ಬಾಣಂತನಕ್ಕೆ ಬಂದಾಗ ಬೆರಳು ಊದಿ ಉಂಗುರ ತೆಗೆದಿದ್ದಳು. "ನೀನೇ ಹಾಕ್ಕೊಂಡಿರು, ಡಬ್ಬಿಯಲ್ಲಿಟ್ಟರೆ ಮರೆತುಹೋಗ್ತದೆ" ಎಂದು ಕೊಟ್ಟಳು. ನಾಲ್ಕು ತಿಂಗಳು ನನ್ನ ಕೈಯಲ್ಲಿತ್ತು. ಮೊದಲ ವಾರ ಭಾರ ಅನಿಸಿತು, ಆಮೇಲೆ ಆ ಭಾರವೇ ಹಿತವಾಯಿತು. ಚರ್ಮಕ್ಕೆ ಏನೂ ಆಗಲಿಲ್ಲ. ಹೊಳಪು ಮಾತ್ರ ಹೋಯಿತು. ಸಣ್ಣ ಸಣ್ಣ ಗೀರು ಬಿದ್ದು ಬೂದು ಬಣ್ಣದ ಮಬ್ಬು ಬಂತು. ಆದರೆ ತೂಗಿಸಿದಾಗ ಕಡಿಮೆ ಆಗಿರಲಿಲ್ಲ. ಚಿನ್ನ ಗೀರಿದರೆ ಪುಡಿಯಾಗಿ ಹೋಗುತ್ತದೆ, ಪ್ಲಾಟಿನಂ ಗೀರಿದರೆ ಬಹುಪಾಲು ಪಕ್ಕಕ್ಕೆ ಸರಿದು ಅಲ್ಲೇ ಉಳಿಯುತ್ತದೆ. ಹರಳು ಹಿಡಿಯಲು ಇದರಷ್ಟು ನಂಬಿಕೆಯ ಕೊಕ್ಕೆ ಬೇರೆ ಇಲ್ಲ ಎಂದು ನನಗನಿಸಿತು.

ಭಾವನ ಕೈಯಲ್ಲಿ ಅದರ ಕಥೆಯೇ ಬೇರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ನೀಲಿ ಗಸಿ ಉಂಗುರದ ಅಡಿ ಕೂತು ಒಣಗಿ ಚರ್ಮ ಸುಲಿಯಿತು. ಪ್ಲಾಟಿನಂಗೆ ಏನೂ ಆಗಲಿಲ್ಲ, ಭಾವನ ಬೆರಳಿಗೆ ಆಯಿತು. ಆಮೇಲೆ ಉಂಗುರ ಬಿಗಿಯಾಗಿ ದೊಡ್ಡದು ಮಾಡಿಸಬೇಕಾಯಿತು. ಶಿರಸಿಯಲ್ಲಿ ಅವರು ಕೇಳಿದ ಅಂಗಡಿಯಲ್ಲಿ ಆಗಲ್ಲ ಎಂದರು. ಚಿನ್ನ ಕರಗುವುದು 1064 ಡಿಗ್ರಿಗೆ, ಪ್ಲಾಟಿನಂ 1768 ಡಿಗ್ರಿಗೆ. ಚಿನ್ನದ ಕೆಲಸದ ಬೆಂಕಿ ಅದಕ್ಕೆ ಸಾಲದು. ಹುಬ್ಬಳ್ಳಿಗೆ ಕಳಿಸಿ ಮೂರು ವಾರ ಕಾಯಬೇಕಾಯಿತು. 2015ರಿಂದ ಈಚೆಗೆ ಹೆಚ್ಚುಕಡಿಮೆ ಉದ್ದಕ್ಕೂ ಗ್ರಾಂ ಲೆಕ್ಕದಲ್ಲಿ ಪ್ಲಾಟಿನಂ ಚಿನ್ನಕ್ಕಿಂತ ಅಗ್ಗ. ಅದನ್ನು ಕೇಳಿ ಖುಷಿಪಡಬೇಡಿ. ಅದೇ ಉಂಗುರಕ್ಕೆ ಗ್ರಾಂ ಜಾಸ್ತಿ ಬೇಕು, ಮಜೂರಿಯೂ ಜಾಸ್ತಿ, ಮಾರಲು ಹೋದರೆ ಕೊಂಡ ಅಂಗಡಿಯ ಕಾಗದ ಹಿಡಿದು ಅಲ್ಲಿಗೇ ಹೋಗಬೇಕಾದೀತು.

ಕೊನೆಗೆ ನಮ್ಮವರಿಗೆ ಮಾಡಿಸಿದ್ದು 18 ಕ್ಯಾರೆಟ್ ಹಳದಿ ಚಿನ್ನ. ಇದನ್ನು ನಾವು ಮೊದಲೇ ಮಾಡಿಸಬೇಕಿತ್ತು. ನೂರಕ್ಕೆ 75 ಪಾಲು ಚಿನ್ನ, ಉಳಿದ ಕಾಲು ಭಾಗ ತಾಮ್ರ, ಬೆಳ್ಳಿ. ಅದಕ್ಕೇ ಗಟ್ಟಿ. ಎರಡು ವರ್ಷ ಆಯಿತು, ಗೀರು ಇದೆ, ಆಕಾರ ಕೆಟ್ಟಿಲ್ಲ. ಬಣ್ಣ 22ಕ್ಕಿಂತ ಒಂದು ಕಳೆ ಕಡಿಮೆ. ಮದುವೆ ಮನೆಯಲ್ಲಿ ಪಕ್ಕಪಕ್ಕ ಕೈ ಇಟ್ಟರೆ ಗೊತ್ತಾಗುತ್ತದೆ, ಸುಮ್ನೆ ನೋಡಿದರೆ ಇಲ್ಲ. ಕತ್ತರಿಸಲು, ಬೆಸೆಯಲು, ಅಳತೆ ಬದಲಿಸಲು ನಮ್ಮ ಶೇಟರೇ ಸಾಕು. ಬ್ಲೀಚಿಂಗ್ ಪೌಡರ್ ಮುಟ್ಟುವಾಗ ಮಾತ್ರ ತೆಗೆದಿಡಬೇಕು. ಅದರ ಕ್ಲೋರಿನ್ ಚಿನ್ನಕ್ಕಿಂತ ಅದರೊಳಗಿನ ಬೇರೆ ಲೋಹಗಳನ್ನು ಹಿಡಿಯುತ್ತದೆ. ಕ್ಯಾರೆಟ್ ಇಳಿದಷ್ಟೂ ಆ ಭಯ ಜಾಸ್ತಿ. ಸಾದಾ 18 ಕ್ಯಾರೆಟ್ ಉಂಗುರ ನಾನು ಕೇಳಿದ ಅಂಗಡಿಗಳಲ್ಲಿ ತಯಾರು ಇರಲಿಲ್ಲ, ಹೇಳಿ ಮಾಡಿಸಬೇಕಾಯಿತು. ನಮ್ಮ ಕೇರಿಯ ಕ್ರಿಶ್ಚಿಯನ್ ಮನೆಗಳ ಮದುವೆ ಉಂಗುರದ ಮಾದರಿ ಕೊಟ್ಟೆವು. ಹರಳಿಲ್ಲ, ಕೊಕ್ಕೆಯಿಲ್ಲ, ಅಂಚು ದುಂಡಗೆ. ಕೆಲಸದ ಕೈಗೆ ಅದಕ್ಕಿಂತ ಒಳ್ಳೆಯ ಆಕಾರ ನಾನು ನೋಡಿಲ್ಲ.

ಯಾವ ಚಿನ್ನವಾದರೂ ಒಳಬದಿಯ ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿಯೇ ದುಡ್ಡು ಕೊಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 ಅಥವಾ 18ಕೆ750, ಅದರ ಪಕ್ಕ ಅಕ್ಷರ ಅಂಕಿ ಸೇರಿದ ಆರು ಗುರುತಿನ ಎಚ್‌ಯುಐಡಿ, ಅಂದರೆ ಆ ಒಂದು ಒಡವೆಗೇ ಕೊಟ್ಟ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಈ ಆರು ಗುರುತು ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ವಿವರ ಬರುತ್ತದೆ. ಇನ್ನೂ ಕೆಲವರು "ಕೆಡಿಎಂ ಚಿನ್ನ" ಎಂದು ಹೇಳಿ ಮಾರುತ್ತಾರೆ. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯ ಮುದ್ರೆ ಅಲ್ಲ. ಆ ಹೊಗೆ ಕುಡಿದು ಹಾಳಾಗುವುದು ಅಕ್ಕಸಾಲಿಗರ ಎದೆ. ದಯವಿಟ್ಟು ಕೇಳಬೇಡಿ, ಕೊಳ್ಳಬೇಡಿ.

ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಹುಡುಗಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಹಳದಿ ಬಣ್ಣ ಇಷ್ಟ ಅಂದಿದ್ದಾಳೆ. ಅವಳಿಗೆ 22 ಕ್ಯಾರೆಟ್, ಹರಳು ಬೇಡ, ಅಂಗೈ ಕಡೆ ದಪ್ಪ ಇರಲಿ. ಅವನು ದಿನಾ ಕೈಗಾಕ್ಕೆ ಬೈಕಿನಲ್ಲಿ ಹೋಗಿ ಬರುವವನು, ಕೈಕೆಲಸದವನು. ಅವನಿಗೆ 18. ಬೆಳಿಗ್ಗೆ ತಣ್ಣಗಿನ ಬೆರಳಿನ ಅಳತೆ ಕೊಡಬೇಡ, ಸಂಜೆ ಕೊಡು ಎಂದೆ. ನಿನ್ನೆ ಸಂಜೆ ಆರಕ್ಕೆ ಇಬ್ಬರೂ ಶೇಟರ ಅಂಗಡಿಗೆ ಬಂದಿದ್ದರು. ಅಳತೆಯ ಬಳೆಗಳ ಗೊಂಚಲಿನಿಂದ ಒಂದನ್ನು ಹುಡುಗಿಯ ಬೆರಳಿಗೆ ಹಾಕಿ, ಗೆಣ್ಣಿನ ಹತ್ತಿರ ಸ್ವಲ್ಪ ತಡೆದು ಸರಿದದ್ದನ್ನು ನೋಡಿ ಶೇಟರು "ಇದೇ ಇರಲಿ" ಎಂದು ಚೀಟಿಯಲ್ಲಿ ಬರೆದುಕೊಂಡರು.