ಆಸ್ಟ್ರೇಲಿಯಾದ ಚೈಲ್ಡ್ ಕೇರ್ ಸಬ್ಸಿಡಿ: ಹಲವು ವರ್ಷ ಬಳಸಿದ ಮೇಲೆ

ಮೆಲ್ಬರ್ನ್‌ನಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ದೊಡ್ಡವನು ಈಗ ಶಾಲೆಗೆ ಹೋಗುತ್ತಾನೆ, ಚಿಕ್ಕವಳು ಇನ್ನೂ ಚೈಲ್ಡ್‌ಕೇರ್‌ನಲ್ಲಿದ್ದಾಳೆ. ಹಾಗಾಗಿ ಸರ್ಕಾರದ ಚೈಲ್ಡ್ ಕೇರ್ ಸಬ್ಸಿಡಿ, ಅಂದರೆ ಎಲ್ಲರ ಬಾಯಲ್ಲಿರುವ ‘ಸಿಸಿಎಸ್’, ನಮಗೆ ಹಳೆಯ ಪರಿಚಯ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದರಲ್ಲಿ ಒಂದು ಅಂಕ ದುಡ್ಡಿಗಲ್ಲ, ಟೀಚರುಗಳಿಗೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಊರಿಂದ ಹೊಸದಾಗಿ ಬರುವವರಿಗೆ ಒಂದು ಮಾತು. ವರ್ಕ್ ವೀಸಾದಲ್ಲಿದ್ದರೆ ಸಾಮಾನ್ಯವಾಗಿ ಸಿಸಿಎಸ್ ಸಿಗಲ್ಲ, ಪಿಆರ್ ಅಂದರೆ ಖಾಯಂ ವಾಸದ ಪರವಾನಗಿ ಬೇಕು. ಅಲ್ಲಿಯವರೆಗೆ ತೆರಿಗೆಯನ್ನೂ ಕಟ್ಟಬೇಕು, ಪೂರ್ತಿ ಫೀಸನ್ನೂ ಕಟ್ಟಬೇಕು. ಮಗುವಿನ ಲಸಿಕೆ ವಿವರ ಇಲ್ಲಿನ ದಾಖಲೆಗೆ ಏರದಿದ್ದರೂ ದುಡ್ಡು ಬರಲ್ಲ. ಬೆಂಗಳೂರಿನ ಲಸಿಕೆ ಪುಸ್ತಕವನ್ನು ಜೋಪಾನವಾಗಿ ತನ್ನಿ, ಅಲ್ಲಿ ಹಾಕಿಸಿಕೊಂಡ ಚುಚ್ಚುಮದ್ದುಗಳನ್ನೆಲ್ಲ ಇಲ್ಲಿನ ಡಾಕ್ಟರ ಹತ್ತಿರ ದಾಖಲು ಮಾಡಿಸಿ. ಮೆನಿಂಜೊಕಾಕಲ್ ಥರದ, ನಮ್ಮ ಕಡೆ ಎಲ್ಲರೂ ಹಾಕಿಸದ ಒಂದೆರಡು ಇಲ್ಲಿ ಹಾಕಿಸಬೇಕಾಗಬಹುದು.

ಈ ದುಡ್ಡು ನಿಮ್ಮ ಖಾತೆಗೆ ಬರಲ್ಲ, ನೇರವಾಗಿ ಸೆಂಟರಿಗೆ ಹೋಗುತ್ತದೆ. ಉಳಿದದ್ದನ್ನು ನೀವು ಕಟ್ಟುತ್ತೀರಿ. 2025-26ರಲ್ಲಿ ಮನೆಯ ಒಟ್ಟು ಆದಾಯ 85,279 ಡಾಲರ್‌ವರೆಗೆ ಇದ್ದರೆ 90 ಶೇಕಡಾ ಸಬ್ಸಿಡಿ. ಅಲ್ಲಿಂದ ಮೇಲೆ ಪ್ರತಿ 5,000 ಡಾಲರಿಗೆ ಒಂದೊಂದು ಶೇಕಡಾ ಇಳಿಯುತ್ತದೆ. 1,60,000 ಆದಾಯ ಇರುವ ಮನೆಗೆ ಹತ್ತಿರ ಹತ್ತಿರ 75 ಶೇಕಡಾ. ದಿನಕ್ಕೆ 155 ಡಾಲರ್ ಫೀಸು ಅಂದರೆ ಮನೆಯವರು ಕಟ್ಟೋದು 39 ಅಷ್ಟೇ ತಾನೇ? ಅಲ್ಲ. ಸರ್ಕಾರ ಆ ವರ್ಷಕ್ಕೆ ಗಂಟೆಗೆ 14.63 ಡಾಲರ್ ಮಿತಿ ಹಾಕಿದೆ, ಅದರ ಮೇಲೆ ಸೆಂಟರ್ ಎಷ್ಟೇ ಕೇಳಲಿ ಸಬ್ಸಿಡಿ ಸಿಗಲ್ಲ. ದಿನಕ್ಕೆ 10 ಗಂಟೆ ಅಂದರೆ 146.30, ಅದರಲ್ಲಿ 75 ಶೇಕಡಾ ಅಂದರೆ 109.72. ಅದರಲ್ಲೂ 5 ಶೇಕಡಾ ವರ್ಷದ ಕೊನೆಯವರೆಗೆ ಹಿಡಿದಿಟ್ಟುಕೊಳ್ಳುತ್ತಾರೆ. ಕೊನೆಗೆ ಕೈಯಿಂದ ಹೋಗೋದು ದಿನಕ್ಕೆ ಸುಮಾರು 51 ಡಾಲರ್. ಐದು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಎರಡನೇ ಮಗುವೂ ಕೇರ್‌ಗೆ ಹೋಗುತ್ತಿದ್ದರೆ ಹೆಚ್ಚಿನ ಮನೆಗಳಲ್ಲಿ ಆ ಮಗುವಿನ ದರ ಇನ್ನೂ 30 ಶೇಕಡಾ ಏರಿ 95ರವರೆಗೆ ಹೋಗುತ್ತದೆ. ಇಬ್ಬರೂ ಒಟ್ಟಿಗೆ ಹೋಗುತ್ತಿದ್ದಾಗ ನಾವು ಬಚಾವಾಗಿದ್ದು ಇದರಿಂದಲೇ.

ಹಿಡಿದಿಟ್ಟ ಆ 5 ಶೇಕಡಾ ಯಾಕೆ ಅಂದರೆ, ವರ್ಷದ ಶುರುವಿನಲ್ಲಿ ಆದಾಯವನ್ನು ನಾವೇ ಅಂದಾಜು ಮಾಡಿ ಹೇಳಬೇಕು. ಟ್ಯಾಕ್ಸ್ ಫೈಲ್ ಮಾಡಿದ ಮೇಲೆ ನಿಜ ಲೆಕ್ಕ ಹೊರಬೀಳುತ್ತದೆ. ಕಡಿಮೆ ಹೇಳಿದ್ದರೆ ವಾಪಸ್ ಕಟ್ಟಬೇಕು. ಬೋನಸ್ಸು, ಓವರ್‌ಟೈಮು ಅಷ್ಟೇ ಅಲ್ಲ, ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆಯೂ ಲೆಕ್ಕಕ್ಕೆ ಬರುತ್ತದೆ. ಸ್ವಲ್ಪ ಜಾಸ್ತಿಯೇ ಅಂದಾಜು ಹೇಳಿಬಿಡಿ, ಕೊನೆಗೆ ದುಡ್ಡು ವಾಪಸ್ ಬಂದರೆ ಯಾರಿಗೆ ಬೇಜಾರು?

2026ರ ಜನವರಿ 5ರಿಂದ ಒಂದು ಒಳ್ಳೆಯ ಬದಲಾವಣೆ ಬಂತು. ಮೊದಲು ಅಪ್ಪ ಅಮ್ಮ ಇಬ್ಬರಲ್ಲಿ ಯಾರು ಕಡಿಮೆ ಗಂಟೆ ಕೆಲಸ ಮಾಡುತ್ತಾರೋ ಅವರ ಲೆಕ್ಕದ ಮೇಲೆ ಸಬ್ಸಿಡಿ ಗಂಟೆ ನಿಗದಿ ಆಗುತ್ತಿತ್ತು. ಶಿಫ್ಟಿನಲ್ಲಿ, ಕ್ಯಾಶುವಲ್ ಆಗಿ ದುಡಿಯುವವರು ಗಂಟೆ ಎಣಿಸುತ್ತಾ ಕೂರಬೇಕಿತ್ತು. ಈಗ ಅರ್ಹತೆ ಇರುವ ಎಲ್ಲರಿಗೂ ಎರಡು ವಾರಕ್ಕೆ ಕನಿಷ್ಠ 72 ಗಂಟೆ. ಆದರೆ ಸೆಂಟರ್ ದಿನಕ್ಕೆ 12 ಗಂಟೆ ಅಂತ ಬಿಲ್ ಮಾಡಿದರೆ ಆ 72 ಗಂಟೆ ವಾರಕ್ಕೆ ಮೂರೇ ದಿನಕ್ಕೆ ಮುಗಿದುಹೋಗುತ್ತದೆ, ನೀವು ಮಗುವನ್ನು ನಾಲ್ಕು ಗಂಟೆಗೇ ಕರ್ಕೊಂಡು ಬಂದರೂ ಅಷ್ಟೇ. 9 ಅಥವಾ 10 ಗಂಟೆಯ ಸೆಷನ್ ಇದೆಯಾ ಅಂತ ಸೇರಿಸುವ ಮುಂಚೆ ಕೇಳಿ. ಕೇಳದೆ ಅವರಾಗಿ ಹೇಳಲ್ಲ.

ಜ್ವರ ಬಂದು ಮಗು ಮನೆಯಲ್ಲಿದ್ದರೂ ಫೀಸು ಓಡುತ್ತಲೇ ಇರುತ್ತದೆ. ವರ್ಷಕ್ಕೆ 42 ಗೈರುಹಾಜರಿವರೆಗೆ ಸಬ್ಸಿಡಿಯೂ ಬರುತ್ತದೆ. ಮೊದಲ ಚಳಿಗಾಲದಲ್ಲಿ 42 ಸಾಲದು ಅನಿಸುತ್ತದೆ, ಆಮೇಲಿನದಕ್ಕೆ ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಂಡಿರಿ. ಊರಿಗೆ ಹೋದಾಗಲೂ ಸಾಮಾನ್ಯವಾಗಿ ಆರು ವಾರದವರೆಗೆ ಸಬ್ಸಿಡಿ ನಿಲ್ಲಲ್ಲ. ಮದುವೆ, ಗೃಹಪ್ರವೇಶ ಎಲ್ಲ ಅಷ್ಟರೊಳಗೆ ಮುಗಿಸಿಕೊಂಡು ಬನ್ನಿ.

ನನ್ನ ದೊಡ್ಡ ತಕರಾರು ಬೇರೆ. ಸಬ್ಸಿಡಿ ಏರಿದ ಹಾಗೆ ಫೀಸೂ ಏರುತ್ತದೆ. ಇಲ್ಲಿನ ಸ್ಪರ್ಧಾ ಆಯೋಗ ಎಸಿಸಿಸಿ ವಿಚಾರಣೆ ನಡೆಸಿ ಹೇಳಿದ ಪ್ರಕಾರ 2018ರಿಂದ 2022ರವರೆಗೆ ಫೀಸು 20 ಶೇಕಡಾ ಏರಿತ್ತು, ಶ್ರೀಮಂತ ದೇಶಗಳ ಒಇಸಿಡಿ ಸರಾಸರಿ 9.5 ಮಾತ್ರ. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಂಡ ಹಾಗೆ.

ಈಗ ಟೀಚರುಗಳ ವಿಷಯ. ನಮ್ಮ ಮಗಳು ‘ಎತ್ಕೋ’ ಅಂತ ಕೈ ಚಾಚಿದರೆ ಏನು ಮಾಡಬೇಕು, ಮೊಸರನ್ನವನ್ನು ಚಮಚದಲ್ಲಿ ಕೊಟ್ಟರೆ ಯಾಕೆ ಬಾಯಿ ಬಿಡಲ್ಲ, ಇದೆಲ್ಲ ಒಬ್ಬ ಟೀಚರಿಗೆ ಅರ್ಥವಾಗುವ ಹೊತ್ತಿಗೆ ಅವರು ಕೆಲಸ ಬಿಟ್ಟಿರುತ್ತಿದ್ದರು. ಸೂಪರ್‌ಮಾರ್ಕೆಟ್ಟಿನಲ್ಲಿ ಇದಕ್ಕಿಂತ ನೆಮ್ಮದಿ ಅಂತ ಒಬ್ಬರು ನನಗೇ ಹೇಳಿದ್ದರು. ಹೊಸಬರು ಬಂದರೆ ಬೆಳಿಗ್ಗೆ ಬಾಗಿಲ ಹತ್ತಿರ ಮತ್ತೆ ಅಳು. 2024ರ ಡಿಸೆಂಬರಿನಲ್ಲಿ ಸರ್ಕಾರ ಇವರ ಸಂಬಳಕ್ಕೆ 10 ಶೇಕಡಾ, ಮರುವರ್ಷ ಇನ್ನೂ 5 ಶೇಕಡಾ ಸೇರಿಸಲು ಸೆಂಟರುಗಳಿಗೆ ಅನುದಾನ ಕೊಟ್ಟಿತು. ಷರತ್ತು ಏನೆಂದರೆ, ದುಡ್ಡು ಪಡೆದ ಸೆಂಟರ್ ಮೊದಲ ವರ್ಷ ಫೀಸನ್ನು 4.4 ಶೇಕಡಾಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಸೇರೋದು ಬಿಡೋದು ಸೆಂಟರಿನ ಇಷ್ಟ. ನಮ್ಮ ಸೆಂಟರ್ ಸೇರಿತು. ಮಗಳ ರೂಮಿನಲ್ಲಿ ಆಮೇಲಿಂದ ಅದೇ ಇಬ್ಬರು ಟೀಚರುಗಳು ಇದ್ದಾರೆ. ನೀವು ನೋಡಲು ಹೋದ ಸೆಂಟರ್ ಇದಕ್ಕೆ ಸೇರಿದೆಯಾ, ಟೀಚರುಗಳು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಗೋಡೆ ಮೇಲಿನ ಬಣ್ಣದ ಚಿತ್ರ ನೋಡಿ ಸೇರಿಸಬೇಡಿ.

ಒಬ್ಬರು ತಮ್ಮ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಫ್ಯಾಮಿಲಿ ಡೇ ಕೇರ್‌ಗೂ ಸಿಸಿಎಸ್ ಸಿಗುತ್ತದೆ. ಒಬ್ಬರು ಏಳು ಮಕ್ಕಳವರೆಗೆ ನೋಡಿಕೊಳ್ಳಬಹುದು, ಶಾಲೆಗೆ ಸೇರದ ಮಕ್ಕಳು ಅದರಲ್ಲಿ ನಾಲ್ಕೇ. ಕನ್ನಡ ಮಾತಾಡುವವರು ಸಿಕ್ಕರಂತೂ ಅದೃಷ್ಟ. ಆದರೆ ಮಾನ್ಯತೆ ಪಡೆದ ಸಂಸ್ಥೆಯಡಿ ನೋಂದಣಿ ಆಗಿರಲೇಬೇಕು, ಸುಮ್ನೆ ಪರಿಚಯದ ಆಂಟಿ ಹತ್ತಿರ ಬಿಟ್ಟರೆ ಒಂದು ಸೆಂಟೂ ಬರಲ್ಲ.

ದೊಡ್ಡವನು ಶಾಲೆಗೆ ಸೇರಿದಾಗ ಇದೆಲ್ಲ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಶಾಲೆ ಬಿಟ್ಟ ಮೇಲಿನ ಆಫ್ಟರ್‌ಕೇರ್‌ಗೂ, ರಜೆಯ ವೆಕೇಷನ್ ಕೇರ್‌ಗೂ ಸಿಸಿಎಸ್ ಇದೆ. ಸರ್ಕಾರದ ಆನ್‌ಲೈನ್ ಖಾತೆ ಮೈಗವ್‌ನಲ್ಲಿ ಹೊಸ ಎನ್‌ರೋಲ್‌ಮೆಂಟನ್ನು ನೀವೇ ಒಪ್ಪಬೇಕು, ಅದನ್ನು ಮರೆಯಬೇಡಿ.